242ನೇ ವಿಧಿಯಲ್ಲಿ ನಮ್ಮ ಕೊಡಗು

ಮೊನ್ನೆ ಸಂಜೆ ಕಣದಲ್ಲಿ ಹರವಿದ್ದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ ಒಳಗೆ ಬಂದೆ. ಮಗಳು ಗಣರಾಜ್ಯೋತ್ಸವಕ್ಕೆ ಅಂತ ಸಂವಿಧಾನದ ಪೀಠಿಕೆ ಬಾಯಿಪಾಠ ಮಾಡುತ್ತಿದ್ದಳು. "ಅಪ್ಪಾ, ಸಂವಿಧಾನದಲ್ಲಿ ಕೊಡಗಿನ ಹೆಸರು ಇದೆಯಾ?" ಅಂದಳು.

ಫೋನಿನಲ್ಲಿ ತೆಗೆದು ತೋರಿಸಿದೆ. 242ನೇ ವಿಧಿ. ಕಂಸದೊಳಗೆ 'ಕೂರ್ಗ್' ಅಂತ ಒಂದೇ ಪದ. ಪಕ್ಕದಲ್ಲಿ, 1956ರ ಏಳನೇ ತಿದ್ದುಪಡಿಯಲ್ಲಿ ಇದನ್ನು ಕೈಬಿಡಲಾಗಿದೆ ಅಂತ ಒಂದು ಸಾಲು. ಮುಗೀತು.

1950ರಲ್ಲಿ ಅಲ್ಲಿ ಪೂರ್ತಿ ಒಂದು ವಿಧಿ ಇತ್ತು. ಸಂಸತ್ತು ಬೇರೆ ಕಾನೂನು ಮಾಡುವ ತನಕ ಕೂರ್ಗ್ ಶಾಸಕಾಂಗ ಪರಿಷತ್ತು ಹಿಂದೆ ಇದ್ದ ಹಾಗೇ ಇರಲಿ ಅನ್ನುವುದು ಅದರ ಸಾರ. ಆ ಪರಿಷತ್ತು ಬ್ರಿಟಿಷರ ಕಾಲದ್ದು. ನಮ್ಮ ಸಂವಿಧಾನ ಬ್ರಿಟಿಷರು ಮಾಡಿದ್ದ 1935ರ ಭಾರತ ಸರ್ಕಾರ ಕಾಯ್ದೆಯ ನಕಲು ಅಂತ ಮೂಗು ಮುರಿಯುವವರು ಇಂಥವನ್ನೇ ತೋರಿಸುತ್ತಾರೆ. ನನಗೆ ಹಾಗನ್ನಿಸಲ್ಲ. ನಮ್ಮ ಮಳೆ ಕಂಡವರು ಯಾರಾದರೂ ಹೊಸ ಮನೆ ಏಳುವ ಮೊದಲೇ ಹಳೇ ಮನೆಯ ಹೆಂಚು ಇಳಿಸುತ್ತಾರಾ? ದೇಶ ಒಡೆದ ರಕ್ತ ಇನ್ನೂ ಆರಿರಲಿಲ್ಲ, ಸಂಸ್ಥಾನಗಳನ್ನು ಸೇರಿಸಿಕೊಳ್ಳುವ ಗಡಿಬಿಡಿ ಬೇರೆ. ಅದರ ನಡುವೆ 395 ವಿಧಿ ಬರೆಯುವಾಗ, ಈ ಪುಟ್ಟ ಮೂಲೆಯನ್ನೂ ಮರೆಯದೆ ಸದ್ಯಕ್ಕೆ ಹೀಗಿರಲಿ ಅಂತ ಬರೆದಿಟ್ಟರು.

ಸಂವಿಧಾನ ಸಭೆಯಲ್ಲಿ ಕೊಡಗಿಗೆ ಇದ್ದದ್ದು ಒಂದೇ ಸ್ಥಾನ. ಅಲ್ಲಿ ಕೂತವರು ಸಿ. ಎಂ. ಪೂಣಚ್ಚ. ಆಗ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು; 1952ರಲ್ಲಿ ಅದರ 24 ಸ್ಥಾನಗಳ ವಿಧಾನಸಭೆಗೆ ಚುನಾವಣೆ ನಡೆದು ಅವರೇ ಮುಖ್ಯಮಂತ್ರಿಯಾದರು. ಕೂರ್ಗ್ ರಾಜ್ಯದ ಮೊದಲ ಮುಖ್ಯಮಂತ್ರಿಯೂ ಅವರೇ, ಕೊನೆಯವರೂ ಅವರೇ! 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ವಿಲೀನ ಬೇಡ ಅಂದವರೂ ಆಗ ಕಮ್ಮಿ ಇರಲಿಲ್ಲ. ಇಂದಿಗೂ ಯಾವುದಾದರೂ ಮದುವೆ ಊಟದಲ್ಲಿ ಹಿರಿಯರೊಬ್ಬರು ಆ ಮಾತು ತೆಗೆದರೆ ಪಕ್ಕದವರ ಪಾಯಸ ತಣ್ಣಗಾಗುತ್ತದೆ.

ಪ್ರತ್ಯೇಕ ರಾಜ್ಯ ಬೇಕು ಅನ್ನುವವನು ನಾನಲ್ಲ. ನನ್ನ ಸಿಟ್ಟು ಬೇರೆ. ಪ್ರತಿ ವರ್ಷ ಪೀಠಿಕೆ ಓದಿಸುತ್ತೇವೆ, ಅಂಬೇಡ್ಕರ್ ಫೋಟೋಗೆ ಹಾರ ಹಾಕುತ್ತೇವೆ, ಲಡ್ಡು ಹಂಚುತ್ತೇವೆ. ಪುಸ್ತಕ ಮಾತ್ರ ಯಾರೂ ತೆರೆಯಲ್ಲ. ಪೂಜೆ ಜಾಸ್ತಿ, ಓದು ಕಮ್ಮಿ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಓದುವ ಮಗುವಿಗೆ ನಿನ್ನೂರಿನ ಹೆಸರಿನಲ್ಲೇ ಇಲ್ಲಿ ಒಂದು ವಿಧಿ ಇತ್ತು ಕಣೋ ಅಂತ ಹೇಳಿದರೆ, ಅದು ಆ ಪುಸ್ತಕವನ್ನು ಸುಮ್ನೆ ಆದರೂ ಒಮ್ಮೆ ತಿರುವಿ ನೋಡುತ್ತೆ, ಅಲ್ವಾ?

ಮಗಳು ನೋಟ್‌ಬುಕ್ಕಿನಲ್ಲಿ 242 ಅಂತ ಬರೆದು ಸುತ್ತ ಗೆರೆ ಎಳೆದಳು. "ಆ ನಂಬರನ್ನ ಬೇರೆ ಯಾರಿಗೂ ಯಾಕೆ ಕೊಡಲಿಲ್ಲ ಅಪ್ಪಾ?" ಅಂದಳು. ವಕೀಲಿ ಮಾಡುವ ಗೆಳೆಯರು ಯಾರಾದರೂ ಇದ್ದರೆ ಕಾಮೆಂಟಿನಲ್ಲಿ ಹೇಳಿ, ಅವಳಿಗೆ ಓದಿ ಹೇಳ್ತೀನಿ.