ನಮ್ಮನೆಯ ನವಿಲು

ತಲೆ ತುಂಬ ಕೊಬ್ಬರಿ ಎಣ್ಣೆ ಮೆತ್ತಿಕೊಂಡು, ಸೀಗೆಪುಡಿ ಕಲಸಿಟ್ಟುಕೊಂಡು ಶವರ್ ತಿರುಗಿಸಿದೆ. ಐಸ್ ನೀರು! ಬಾಯ್ಲರ್ ಕೆಟ್ಟಿಲ್ಲ, ನಮ್ಮ ಯಜಮಾನರು ಆಫ್ ಮಾಡಿದ್ದಾರೆ. "ಒಂದ್ಸಲ ತಣ್ಣೀರು ಹಾಕ್ಕೊಂಡು ನೋಡು, ನರ ಎಲ್ಲ ಚುರುಕಾಗತ್ತೆ" ಅಂತ ಬಾಗಿಲಾಚೆಯಿಂದ ಉಪದೇಶ ಬೇರೆ. ತಣ್ಣೀರಿಗೆ ಎಣ್ಣೆ ಬಿಡುತ್ತಾ ಹೇಳಿ? ಜಿಡ್ಡು ತಲೆಗೆ ಟವೆಲ್ ಸುತ್ತಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಇಷ್ಟಕ್ಕೆಲ್ಲ ಕಾರಣ ಕೊರ್ಶಮ್ ಕೋರ್ಟ್. ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿರುವ ಹಳೇ ದೊಡ್ಡಮನೆ. ಹೋದ ತಿಂಗಳು ನೋಡಲು ಹೋಗಿದ್ದೆವು. ಅದರ ತೋಟದಲ್ಲೊಂದು ಸ್ನಾನದ ಮನೆ ಇದೆ. 1760ರ ದಶಕದಲ್ಲಿ ಕೇಪಬಿಲಿಟಿ ಬ್ರೌನ್ ಅನ್ನುವ ತೋಟದ ವಿನ್ಯಾಸಕಾರ ಮಾಡಿದ್ದು, ಆಮೇಲೆ ಜಾನ್ ನ್ಯಾಶ್ ಅನ್ನುವ ವಾಸ್ತುಶಿಲ್ಪಿ ಕೈಯಾಡಿಸಿದ್ದು. ಮುಂದೆ ಚೂಪು ಕಮಾನುಗಳು, ಒಳಗೆ ತಣ್ಣೀರಿನ ಕೊಳ. ಚೆಂದ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬಾತ್ ಊರು ಅಲ್ಲಿಂದ ಸುಮಾರು 15 ಕಿಲೋಮೀಟರ್ ಅಷ್ಟೇ. ಅಲ್ಲಿ ನೆಲದೊಳಗಿಂದಲೇ 46 ಡಿಗ್ರಿಯ ನೀರು ಉಕ್ಕುತ್ತದೆ, ಸೌದೆ ಬೇಡ, ಗ್ಯಾಸ್ ಬಿಲ್ ಇಲ್ಲ. ಅಂಥದ್ದನ್ನು ಪಕ್ಕದಲ್ಲಿ ಇಟ್ಟುಕೊಂಡು ನಡುಗುವುದಕ್ಕೆ ದುಡ್ಡು ಸುರಿದು ಕೊಳ ಕಟ್ಟಿಸಿದರಲ್ಲ! ಜಾನ್ ಫ್ಲಾಯರ್ ಅನ್ನುವ ಡಾಕ್ಟರ್ 1700ರ ಹೊತ್ತಿಗೇ ತಣ್ಣೀರಲ್ಲಿ ಮುಳುಗಿ ಏಳಿ, ಒಳ್ಳೇದು ಅಂತ ಬರೆದು ಜನರ ತಲೆಯಲ್ಲಿ ಹುಳ ಬಿಟ್ಟಿದ್ದ. ಆ ಹುಳ ಮುನ್ನೂರು ವರ್ಷ ತೆವಳಿಕೊಂಡು ಬಂದು ಇವರ ಕಿವಿಗೆ ಹೊಕ್ಕಿದೆ.

ಇವರ ಸ್ನಾನ ನೋಡಬೇಕು, ಅಂದರೆ ಕೇಳಬೇಕು. ನೀರು ಬಿಟ್ಟು ಐದು ನಿಮಿಷ ಸದ್ದಿಲ್ಲ, ಕಾಲಿನ ಹೆಬ್ಬೆರಳು ಮಾತ್ರ ಒಳಗೆ. ಆಮೇಲೆ "ಹರ ಹರಾ" ಅಂತ ಮೆಲ್ಲಗೆ. ಆಮೇಲೆ ಜೋರಾಗಿ. ಆಮೇಲೆ ದೇವರ ಹೆಸರೂ ಮರೆತು ಬರೀ "ಆಂವ್!" ಕೊರ್ಶಮ್ ಬೀದಿಯಲ್ಲಿ ನವಿಲುಗಳು ಓಡಾಡುತ್ತವೆ, ಥೇಟ್ ಅದೇ ಕೂಗು. ಪಕ್ಕದ ಮನೆ ಅಜ್ಜಿ ಮೊನ್ನೆ ಬೇಲಿಯಾಚೆಯಿಂದ "ಎಲ್ಲ ಆರಾಮ ತಾನೇ?" ಅಂತ ಕೇಳಿದರು. ಹೊರಗೆ ಬಂದವರು ಎರಡು ಸ್ವೆಟರ್ ಹಾಕಿಕೊಂಡು, ಹೀಟರಿಗೆ ಬೆನ್ನು ಕೊಟ್ಟು, "ಎಷ್ಟು ಫ್ರೆಶ್ ಗೊತ್ತಾ" ಅನ್ನುತ್ತಾರೆ. ಹಲ್ಲು ಕಟಕಟ. ಕಾಫಿ ಮಾತ್ರ ಸುಡುಸುಡು ಇರಬೇಕು.

ನಮ್ಮಜ್ಜಿ ಮನೆ ಬಚ್ಚಲು ನೆನಪಾಗುತ್ತದೆ. ತಾಮ್ರದ ಹಂಡೆ, ಒಲೆಯಲ್ಲಿ ತೆಂಗಿನ ಸೋಗೆ, ಕಣ್ಣು ಉರಿಯುವಷ್ಟು ಹೊಗೆ. "ಇನ್ನೊಂದೇ ಚೊಂಬು ಕಣೇ" ಅಂತ ಹೇಳಿ ಹತ್ತು ಚೊಂಬು ಹೊಯ್ಯುತ್ತಿದ್ದರು. ಮೈ ಕೆಂಪಾಗಿ, ಕಂಬಳಿ ಹೊದ್ದು ಮಲಗಿದರೆ ಊಟಕ್ಕೇ ಏಳುವುದು.

ಜಗಳ ಮಾಡಿ ಬಾಯ್ಲರ್ ಹಾಕಿಸಿ ಅರ್ಧ ಗಂಟೆ ಆಯಿತು. ನೀರು ಕಾದಿದೆಯಾ ನೋಡ್ತೀನಿ ಅಂತ ಇವರೇ ಒಳಗೆ ಹೋದರು. ಇನ್ನೂ ಬಂದಿಲ್ಲ. ನವಿಲೂ ಕೂಗುತ್ತಿಲ್ಲ. ಬಾಗಿಲ ಸಂದಿಯಿಂದ ಹಬೆ ಬರುತ್ತಿದೆ.