ಉತ್ತತ್ತಿ ಯಾವುದು, ಧೂಳು ಯಾವುದು?

ಕಲಬುರಗಿಯಲ್ಲಿ ಧೂಳು ಅಂದರೆ ಒಂದೇ ಬಗೆಯದ್ದಲ್ಲ. ಬೇಸಿಗೆಯಲ್ಲಿ ಎರಿ ಹೊಲದಿಂದ ಏಳುವ ಕರಿ ಧೂಳು ಬೇರೆ. ಶಹಾಬಾದ್ ಕಡೆ ಹಾಸುಗಲ್ಲು ಕೊಯ್ಯುವಾಗ ಹಾರುವ ಪುಡಿ ಬೇರೆ. ವಾಡಿ, ಸೇಡಂ ಕಡೆಯಿಂದ ಬಂದ ನೆಂಟರು ಸಿಮೆಂಟಿನ ಪುಡಿಯನ್ನೂ ಜೊತೆಗೆ ಕರಕೊಂಡು ಬರುತ್ತಾರೆ. ದಾಲ್ ಮಿಲ್ ಹತ್ತಿರ ಮನೆ ಇದ್ದರೆ ತೊಗರಿ ಹೊಟ್ಟು ಪುಕ್ಕಟೆ. ಬೀದರಿಗೆ ಹೋಗಿ ಬಂದರೆ ಚಪ್ಪಲಿಗೆ ಕೆಂಪು ಮಣ್ಣು. ಇದರ ಬಗ್ಗೆ ನಮ್ಮಲ್ಲಿ ಯಾರದೂ ತಕರಾರಿಲ್ಲ. ಬೆಳಿಗ್ಗೆ ಟಿವಿ ಒರೆಸಿದರೆ ಸಂಜೆಗೆ ಅದರ ಮೇಲೆ ಹುಡುಗರು ಬೆರಳಲ್ಲಿ ಹೆಸರು ಬರೆಯುತ್ತಾರೆ. ಬರೆಯಲಿ ಬಿಡಿ, ಅಕ್ಷರವಾದರೂ ದುಂಡಗಾಗುತ್ತದೆ.

ಆದರೆ ಇದೇ ಧೂಳು ಕ್ಯಾಮೆರಾದ ಒಳಗೆ ಹೊಕ್ಕರೆ ಕಥೆ ಬೇರೆ. ಅಲ್ಲಿ ಅದು ಧೂಳಿನ ಹಾಗೆ ಕಾಣುವುದೇ ಇಲ್ಲ. ವೇಷ ಹಾಕಿಕೊಂಡು ಬರುತ್ತದೆ.

ಹೋಳಿ ಆದ ಮೇಲೆ ನಮ್ಮೂರಲ್ಲಿ ಶರಣಬಸವೇಶ್ವರರ ಜಾತ್ರೆ. ತೇರು ಎಳೆಯುವಾಗ ಜನ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ. ಪರಿಚಯದವರೊಬ್ಬರ ಮಾಳಿಗೆ ಮೇಲೆ ನಿಂತು ನಾನು ಫೋಟೊ ತೆಗೆದಿದ್ದೆ. ಅದರಲ್ಲಿ ಒಂದನ್ನು ದೊಡ್ಡದು ಮಾಡಿಸಿ ದೇವರ ಕೋಣೆಯಲ್ಲಿ ಹಾಕಬೇಕು ಅಂತ ಅತ್ತೆಯ ಆಸೆ. ಲ್ಯಾಪ್‌ಟಾಪ್ ಮುಂದೆ ಕೂತು ಕನ್ನಡಕ ಏರಿಸಿಕೊಂಡರು. ತೇರಿನ ಮೇಲೆ ನೀಲಿ ಮುಗಿಲು. ಅದರ ತುಂಬ ಕರಿ ಚುಕ್ಕಿ.

"ಉತ್ತತ್ತಿ ಎಷ್ಟು ಛಂದ ಬಂದಾವ ನೋಡು. ಒಂದೊಂದೂ ಎಣಸಬೇಕು, ಹಂಗ ಅವ" ಅಂದರು ಅತ್ತೆ.

"ಅವು ಉತ್ತತ್ತಿ ಅಲ್ಲವ್ವಾ, ಹದ್ದು" ಅಂದರು ನಮ್ಮನೆಯವರು.

"ಹದ್ದಿಗೆ ಜಾತ್ರ್ಯಾಗ ಏನ್ ಕೆಲಸಾ?"

ಇಬ್ಬರೂ ನನ್ನ ಮುಖ ನೋಡಿದರು. ನಾನು ಮುಂದಿನ ಫೋಟೊ ತೆರೆದೆ. ತೇರು ಒಂದು ಮಾರು ಮುಂದೆ ಹೋಗಿತ್ತು. ಕೆಲವು ಚುಕ್ಕಿ ಜಾಗ ಬದಲಿಸಿದ್ದವು, ಕೆಲವು ಮಾಯವಾಗಿದ್ದವು. ಎಡಗಡೆ ಮೇಲಿನ ಮೂರು ಮಾತ್ರ ಅಲ್ಲೇ ಕೂತಿದ್ದವು. ಅದರ ಮುಂದಿನ ಫೋಟೊದಲ್ಲೂ ಅಲ್ಲೇ. ಉತ್ತತ್ತಿ ಹಾರುತ್ತದೆ, ಹದ್ದು ಸುತ್ತುತ್ತದೆ. ಹಂದಾಡದೆ ಕೂರುವುದು ಧೂಳು ಒಂದೇ.

ಹಳೆಯ ಫೋಟೊಗಳನ್ನೂ ಹುಡುಕಿ ತೆಗೆದೆ. ಕೋಟೆಯ ಜಾಮಿ ಮಸೀದಿಯ ಒಳಗೆ ತೆಗೆದವು ಇದ್ದವು. 1367ರ ಮಸೀದಿ ಅದು. ಬೇರೆ ಮಸೀದಿಗಳ ಹಾಗೆ ನಡುವೆ ಬಯಲು ಅಂಗಳವಿಲ್ಲ, ಪೂರ್ತಿ ಗುಮ್ಮಟಗಳದೇ ಛಾವಣಿ. ಒಳಗೆ ಕಮಾನಿನ ಹಿಂದೆ ಕಮಾನು, ಬೆಳಕು ಕಡಿಮೆ. ಹಾಗಾಗಿ ಲೆನ್ಸನ್ನು ಎಫ್/2.8ಕ್ಕೆ ಪೂರ್ತಿ ತೆರೆದು ತೆಗೆದಿದ್ದೆ. ಒಂದು ಚುಕ್ಕಿಯೂ ಇಲ್ಲ. ಅವತ್ತೇ ಹೊರಗೆ ಬಂದು, ಬಿಸಿಲಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/16ಕ್ಕೆ ಸಣ್ಣದು ಮಾಡಿ, ಕೋಟೆಯ ಒಳಗಿನ ಬಾಲಾ ಹಿಸ್ಸಾರ್ ಕಟ್ಟಡ ತೆಗೆದಿದ್ದೆ. ಅದರ ಮೇಲಿನ ಮುಗಿಲಲ್ಲಿ ಅವೇ ಮೂರು, ಅದೇ ಜಾಗದಲ್ಲಿ. ಒಂದೇ ದಿನ, ಒಂದೇ ಕ್ಯಾಮೆರಾ.

ಇದರಲ್ಲಿ ಮಾಟ ಏನಿಲ್ಲ. ಕ್ಯಾಮೆರಾದ ಒಳಗೆ ಬಿಂಬ ಹಿಡಿಯುವ ಸೆನ್ಸರಿನ ಮುಂದೆ ತೆಳ್ಳನೆಯ ಫಿಲ್ಟರ್ ಗಾಜು ಇರುತ್ತದೆ, ಧೂಳು ಕೂರುವುದು ಅದರ ಮೇಲೆ. ಫೋಟೊದಲ್ಲಿ ಬೀಳುವುದು ಆ ಧೂಳಿನ ನೆರಳು. ಲೆನ್ಸಿನ ಕಿಂಡಿ ದೊಡ್ಡದಾಗಿದ್ದರೆ ಬೆಳಕು ಎಲ್ಲಾ ಕಡೆಯಿಂದ ಬಂದು ನೆರಳನ್ನು ಕರಗಿಸಿಬಿಡುತ್ತದೆ. ಕಿಂಡಿ ಸಣ್ಣದಾದರೆ, ಅಂದರೆ ಎಫ್ ನಂಬರ್ ದೊಡ್ಡದಾದರೆ, ನೆರಳು ಗಟ್ಟಿಯಾಗುತ್ತದೆ. ಟ್ಯೂಬ್‌ಲೈಟ್ ಬೆಳಕಲ್ಲಿ ಗೋಡೆ ಮುಂದೆ ಕೈ ಹಿಡಿದರೆ ನೆರಳು ಮಸುಕು. ಕರೆಂಟ್ ಹೋಗಿ ಮೊಬೈಲಿನ ಟಾರ್ಚ್ ಹಚ್ಚಿದರೆ ಬೆರಳು ಬೆರಳೂ ಕಾಣುತ್ತವೆ, ಅಲ್ವಾ? ಅಷ್ಟೇ. ಈ ಪ್ರಯೋಗಕ್ಕೆ ನಮ್ಮೂರಲ್ಲಿ ಬೇಸಿಗೆಯಿಡೀ ಅನುಕೂಲ ಇರುತ್ತದೆ.

ಗೊತ್ತಿದ್ದರೂ ಒಂದು ಮಾತು ಕೇಳೋಣ ಅಂತ ಅಂಗಡಿಗೆ ಹೋದೆ. ಅಂಗಡಿಯವರು ಲೆನ್ಸನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಲೆನ್ಸ್ ಹೋಗ್ಯಾದ್ರೀ ಮೇಡಂ. ಹೊಸಾದು ತಗೋರಿ" ಅಂದರು. ಲೆನ್ಸ್ ಬದಲಿಸಿದರೂ ಚುಕ್ಕಿ ಅಲ್ಲೇ ಇದೆ ಅಂದೆ. "ಹಂಗಾದ್ರ ಎರಡೂ ಲೆನ್ಸ್ ಹೋಗ್ಯಾವ" ಅಂದರು. ವ್ಯಾಪಾರದಲ್ಲಿ ಮೇಲೆ ಬರುವವರು ಹೀಗೇ ಇರಬೇಕು. ನಿಜ ಹೇಳಬೇಕೆಂದರೆ ಲೆನ್ಸಿನ ಮುಂಭಾಗದಲ್ಲಿ ಸ್ವಲ್ಪ ಧೂಳಿದ್ದರೆ ಫೋಟೊದಲ್ಲಿ ಹೀಗೆ ಗಟ್ಟಿ ಚುಕ್ಕಿ ಬೀಳುವುದಿಲ್ಲ. ಕಣ್ಣು ಹಚ್ಚಿ ನೋಡುವ ವ್ಯೂಫೈಂಡರಿನಲ್ಲಿ ಕಾಣುವ ಕಸದ್ದು ಇನ್ನೂ ಮಜಾ. ನನ್ನದು ಕನ್ನಡಿ ಇರುವ ಡಿಎಸ್‌ಎಲ್‌ಆರ್. ಬೆಳಕನ್ನು ವ್ಯೂಫೈಂಡರಿಗೆ ತಿರುಗಿಸುವ ಆ ಕನ್ನಡಿ ಮೇಲೆ, ಅದರ ಬಿಂಬ ಬೀಳುವ ಫೋಕಸಿಂಗ್ ಸ್ಕ್ರೀನ್ ಮೇಲೆ ಇರುವ ಕಸ ಕಣ್ಣಿಗೆ ಕಾಣುತ್ತದೆ, ಫೋಟೊದಲ್ಲಿ ಬೀಳುವುದಿಲ್ಲ. ಸೆನ್ಸರಿನ ಮೇಲಿನದು ಫೋಟೊದಲ್ಲಿ ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಸರಿಯಾಗಿ ಪರೀಕ್ಷೆ ಮಾಡಬೇಕೆಂದರೆ ಬಿಳಿ ಗೋಡೆ ಬೇಕು. ನಮ್ಮ ಮನೆಯಲ್ಲಿ ಬಿಳಿ ಗೋಡೆ ಅನ್ನುವುದು ಪೇಂಟರಿನ ಬಿಲ್ಲಿನಲ್ಲಿ ಮಾತ್ರ ಇದೆ. ಆದರೆ ಏಪ್ರಿಲ್ ತಿಂಗಳ ಮುಗಿಲು ಯಾರಪ್ಪನ ಆಸ್ತಿ? ಒಂದು ಮೋಡವಿಲ್ಲ, ಅಂಚಿನಿಂದ ಅಂಚಿಗೆ ಖಾಲಿ. ಮಾಳಿಗೆ ಹತ್ತಿದೆ. ಐಎಸ್‌ಒ, ಅಂದರೆ ಬೆಳಕಿನ ಸೂಕ್ಷ್ಮತೆ, 100. ಕಿಂಡಿ ಎಫ್/22. ಫೋಕಸ್ ಬೇಕಂತಲೇ ಕೆಡಿಸಬೇಕು. ಬೆಳಕು ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು. ಕ್ಲಿಕ್ ಮಾಡುವಾಗ ಕ್ಯಾಮೆರಾ ಅಲ್ಲಾಡಿದರೂ ನಡೆಯುತ್ತದೆ, ಅಲ್ಲಾಡಿಸಿದರೇ ಒಳ್ಳೆಯದು. ಹೊರಗಿನದೆಲ್ಲ ಕಲಸಿಹೋಗುತ್ತದೆ. ಸೆನ್ಸರಿಗೆ ಅಂಟಿದ್ದು ಕ್ಯಾಮೆರಾದ ಜೊತೆಗೇ ಅಲ್ಲಾಡುವುದರಿಂದ ಅದೊಂದು ಮಾತ್ರ ನೆಟ್ಟಗೆ ಉಳಿಯುತ್ತದೆ.

ಈಗ ಇದನ್ನು ಪಕ್ಕದ ಮನೆಯವರ ಕಣ್ಣಲ್ಲಿ ನೋಡಿ. ಮಟಮಟ ಮಧ್ಯಾಹ್ನ. ಒಬ್ಬ ಹೆಂಗಸು ಮಾಳಿಗೆ ಮೇಲೆ ನಿಂತು, ಏನೂ ಇಲ್ಲದ ಮುಗಿಲಿಗೆ ಕ್ಯಾಮೆರಾ ಹಿಡಿದು, ಗರಗರ ತಿರುಗಿಸುತ್ತಾ ಕ್ಲಿಕ್ ಕ್ಲಿಕ್ ಅನ್ನಿಸುತ್ತಿದ್ದಾಳೆ.

"ಏನ್ ತಂಗೀ, ವಿಮಾನ ಬರ್ಲತ್ತಾದೇನು?" ಅಂದರು ಆಚೆ ಮಾಳಿಗೆಯಲ್ಲಿ ಸಂಡಿಗೆ ಕಾಯುತ್ತಿದ್ದ ಕಾಕಾ. 2019ರ ನವೆಂಬರಿನಲ್ಲಿ ಊರಿಗೆ ವಿಮಾನ ನಿಲ್ದಾಣ ಬಂದಾಗಿನಿಂದ ಯಾರು ತಲೆ ಎತ್ತಿದರೂ ಜನ ವಿಮಾನ ಅಂತಲೇ ತಿಳಿಯುತ್ತಾರೆ.

"ಇಲ್ಲ ಕಾಕಾ, ಏನೂ ಇಲ್ಲ. ಸುಮ್ನೆ ಮುಗಿಲ ತಗೀಲತ್ತೀನಿ."

"ಮುಗಿಲಾಗ ಏನದ?"

"ಏನೂ ಇಲ್ಲದ್ದೇ ಬೇಕಾಗಿತ್ತು ಕಾಕಾ."

ಕಾಕಾ ಸಂಡಿಗೆ ಬಿಟ್ಟು ಮೇಲೆ ನೋಡಿದರು. ಓಣಿಯಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರು ಕಾಕಾನನ್ನು ನೋಡಿ ಮೇಲೆ ನೋಡಿದರು. ಕೊತ್ತಂಬರಿ ಮಾರುವವಳು ಬುಟ್ಟಿ ಇಳಿಸಿ ನೋಡಿದಳು. ಏನೋ ಫಳ್ ಅಂದದ್ದನ್ನು ಕಂಡೆ ಅಂತ ಒಬ್ಬ ಹುಡುಗ ಆಣೆ ಮಾಡಿ ಹೇಳಿದ. ಅಷ್ಟರಲ್ಲಿ ಕಾಗೆ ಬಂದು ಕಾಕಾನ ಸಂಡಿಗೆ ಎತ್ತಿಕೊಂಡು ಹೋಯಿತು. ಆ ಲೆಕ್ಕ ಈಗಲೂ ನನ್ನ ಹೆಸರಲ್ಲೇ ಇದೆ.

ಫೋಟೊವನ್ನು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ದೊಡ್ಡದು ಮಾಡಿ ನೋಡಿದರೆ ಮೂರಲ್ಲ, ಒಂದು ಸಂಸಾರವೇ ಇತ್ತು. ಒಂದು ನೂಲಿನ ತುಂಡು, ಕೊಕ್ಕೆಯ ಹಾಗೆ ಬಾಗಿದ್ದು. ಒಂದಷ್ಟು ಪುಡಿ. ದುಂಡಗೆ, ಸುತ್ತ ತಿಳಿ ಉಂಗುರ ಇದ್ದದ್ದು ಒಂದೆರಡು. ಇಂಥವು ಬೆಳಕು ಬಿಟ್ಟು ಮುಚ್ಚುವ ಪರದೆಯಾದ ಶಟರಿನಿಂದ ಸಿಡಿದ ಎಣ್ಣೆಯದೂ ಇರಬಹುದು.

ಒಳಗೆ ಹೇಗೆ ಹೋಯಿತು ಅಂತ ಕೇಳುವವರಿಗೆ ಜಾತ್ರೆ ಗೊತ್ತಿಲ್ಲ. ಲೆನ್ಸ್ ಬದಲಿಸಬೇಡಿ ಅನ್ನುವುದು ಸುಲಭ. ಝೂಮ್ ಲೆನ್ಸ್ ಹಿಂದೆ ಮುಂದೆ ಮಾಡಿದರೂ ಅದು ಗಾಳಿ ಎಳೆದುಕೊಳ್ಳುತ್ತದೆ. ಶಟರ್ ತಾನೇ ತನ್ನ ಪುಡಿ ಉದುರಿಸುತ್ತದೆ. ಸೆನ್ಸರಿನ ಮುಂದಿನ ಗಾಜನ್ನು ನಡುಗಿಸಿ ಧೂಳು ಕೊಡವುವ ಉಪಾಯವನ್ನು 2003ರಲ್ಲಿ ಒಲಿಂಪಸ್ ತನ್ನ ಇ-1 ಕ್ಯಾಮೆರಾದಲ್ಲಿ ತಂದಿತು. ಆಮೇಲೆ ಬೇರೆ ಕಂಪನಿಗಳೂ ತಂದವು. ನನ್ನದರಲ್ಲೂ ಇದೆ. ಆನ್ ಮಾಡಿದಾಗ ಒಮ್ಮೆ ನಡುಗುತ್ತದೆ. ಒಣ ಧೂಳು ಹೆದರಿ ಬೀಳುತ್ತದೆ, ಅಂಟಿದ್ದು ಬೀಳುವುದಿಲ್ಲ.

ತೊಳೆಯಬೇಕು ಅಂದದ್ದೇ ತಡ, ಮನೆ ತುಂಬ ಪಂಡಿತರಾದರು. ನಮ್ಮನೆಯವರು "ಕೊಡಿಲ್ಲಿ" ಅಂತ ಬಾಯಿಂದ ಊದಲು ಬಂದರು. ಊದಿದರೆ ಎಂಜಲು ಹನಿ ಗಾಜಿನ ಮೇಲೆ ಒಣಗಿ, ಧೂಳಿಗಿಂತ ದೊಡ್ಡ ತಲೆನೋವು. ಅದೂ ಆಗ ತಾನೇ ಶೇಂಗಾ ಹಿಂಡಿ ತಿಂದ ಬಾಯಿ. ಅತ್ತೆ ಸೆರಗಿನ ತುದಿ ಮುಂದೆ ಮಾಡಿ "ಹಳೇ ಇಳಕಲ್ ಸೀರಿ, ಭಾಳ ಮೆತ್ತಗದ" ಅಂದರು. ಸೈಕಲ್ ಅಂಗಡಿಯಲ್ಲಿ ಗಾಳಿ ಹೊಡೆಸು ಅಂದರು ಮಾವ. ಆ ಕಂಪ್ರೆಸರಿನ ಗಾಳಿಯಲ್ಲಿ ಎಣ್ಣೆ, ನೀರು ಎರಡೂ ಇರುತ್ತವೆ. ಡಬ್ಬಿಯಲ್ಲಿ ತುಂಬಿ ಮಾರುವ ಗಾಳಿಯೂ ಬೇಡ, ಒಳಗಿನ ದ್ರವ ಕೆಲವು ಸಲ ಚಿಮ್ಮಿಬಿಡುತ್ತದೆ. ಇದಕ್ಕೆ ಬೇಕಿರುವುದು ಕೈಯಲ್ಲಿ ಹಿಸುಕುವ ರಬ್ಬರ್ ಬ್ಲೋವರ್.

ಕೆಲಸಕ್ಕೆ ಧೂಳಿಲ್ಲದ ಜಾಗ ಬೇಕು. ಸ್ನಾನ ಮುಗಿದ ಮೇಲೆ ಬಚ್ಚಲಮನೆ ಒಳ್ಳೆಯದು, ಹಬೆ ಇಳಿಯುವಾಗ ಧೂಳನ್ನೂ ಇಳಿಸಿರುತ್ತದೆ. ನಮ್ಮ ಬಚ್ಚಲಲ್ಲಿ ಬೆಳಕಿಲ್ಲ. ಮಲಗುವ ಕೋಣೆಯ ಬಾಗಿಲು, ಕಿಟಕಿ ಹಾಕಿ, ಫ್ಯಾನ್ ಆರಿಸಿದೆ. ಕಲಬುರಗಿಯ ಬೇಸಿಗೆಯಲ್ಲಿ ಫ್ಯಾನ್ ಆರಿಸುವುದು ಏನೆಂದು ಹೊರಗಿನವರಿಗೆ ಹೇಳಿ ತಿಳಿಸಲಾಗದು. ಬ್ಯಾಟರಿ ಪೂರ್ತಿ ತುಂಬಿದ್ದನ್ನು ಹಾಕಿ, ಮೆನುವಿನಲ್ಲಿ ಕ್ಲೀನಿಂಗ್ ಒತ್ತಿದೆ. ಕನ್ನಡಿ ಮೇಲೆದ್ದು ನಿಂತಿತು. ನಡುವೆ ಬ್ಯಾಟರಿ ಸತ್ತರೆ ಕನ್ನಡಿ ಕೆಳಗೆ ಬಿದ್ದು, ಒಳಗೆ ಏನು ಹಾಕಿದ್ದೇವೋ ಅದರ ಮೇಲೆ ಬಡಿಯುತ್ತದೆ. ಕ್ಯಾಮೆರಾವನ್ನು ಮುಖ ಕೆಳಗೆ ಮಾಡಿ ಹಿಡಿದು, ಬ್ಲೋವರ್ ತುದಿ ಒಳಗೆ ತಾಗದ ಹಾಗೆ ನಾಲ್ಕಾರು ಸಲ ಪುಸ್ ಪುಸ್ ಅನ್ನಿಸಿದೆ.

ಬಾಗಿಲು ತೆರೆಯಿತು. "ಹೀಂಗ್ಯಾಕ ಬೇಯ್ಲತ್ತೀ ಯವ್ವಾ?" ಅಂತ ಮಾವ ಫ್ಯಾನ್ ಐದಕ್ಕೆ ಇಟ್ಟು ಹೋದರು. ಮೇಲಿಂದ ಒಂದು ಚಳಿಗಾಲದ ಧೂಳು ಒಟ್ಟಿಗೇ ಇಳಿಯಿತು.

ಸೆನ್ಸರಿನ ಮೇಲೆ ಬಿಂಬ ಬೀಳುವುದು ತಲೆಕೆಳಗಾಗಿ. ಫೋಟೊದಲ್ಲಿ ಎಡಗಡೆ ಮೇಲೆ ಕಂಡ ಚುಕ್ಕಿಯನ್ನು ಲೆನ್ಸ್ ಕೂರುವ ಬಾಯಿಂದ ಇಣುಕಿ ಹುಡುಕಿದರೆ ಎಡಗಡೆ ಕೆಳಗೆ ಸಿಗುತ್ತದೆ. ಟಾರ್ಚ್ ಓರೆಯಾಗಿ ಬಿಟ್ಟಾಗ ನೂಲಿನ ಕೊಕ್ಕೆ ಬ್ಲೋವರಿಗೆ ಹಾರಿಹೋಗಿತ್ತು. ಪುಡಿಯೂ ಬಹುಪಾಲು ಹೋಗಿತ್ತು. ಮೂರು ಹದ್ದುಗಳು ಮಾತ್ರ ಕದಲಿರಲಿಲ್ಲ. ಅವಕ್ಕೆ ಒದ್ದೆ ಮದ್ದೇ ಬೇಕು, ಅಂದರೆ ಸ್ವಾಬ್.

ಸ್ವಾಬ್ ಅಂದರೆ ಪ್ಲಾಸ್ಟಿಕ್ ಕಡ್ಡಿಗೆ ಮೆತ್ತನೆ ಬಟ್ಟೆ ಸುತ್ತಿದ್ದು. ನನ್ನ ಕ್ಯಾಮೆರಾದ್ದು ಎಪಿಎಸ್-ಸಿ ಅನ್ನುವ ಸಣ್ಣ ಅಳತೆಯ ಸೆನ್ಸರ್, ಎತ್ತರ ಸುಮಾರು 16 ಮಿಲಿಮೀಟರ್. ಸ್ವಾಬೂ ಅಷ್ಟೇ ಅಗಲ ಇರಬೇಕು. 16 ಅಂತ ಆರ್ಡರ್ ಮಾಡಿದರೆ ಪೊಟ್ಟಣದಲ್ಲಿ 24 ಬಂತು, ಫುಲ್ ಫ್ರೇಮ್ ಅನ್ನುವ ದೊಡ್ಡ ಸೆನ್ಸರಿಗೆ ಹಾಕುವಂಥದ್ದು. ವಾಪಸ್ ಮಾಡಲು ಫೋನ್ ಮಾಡಿದರೆ "ದೊಡ್ಡದೇ ಬಂದಿದೆಯಲ್ಲ ಮೇಡಂ, ಏನು ತೊಂದರೆ?" ಅಂದ ಹುಡುಗ. ಸೊಸೈಟಿ ಅಕ್ಕಿಯಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ.

ಸರಿಯಾದ್ದು ಬಂದ ಮೇಲೆ ಕೆಲಸ ಕ್ಷಣದ್ದು. ಸ್ವಾಬಿನ ಅಂಚಿಗೆ ಸೆನ್ಸರ್ ತೊಳೆಯುವ ದ್ರವದ ಎರಡು ಹನಿ, ಜಾಸ್ತಿ ಆದರೆ ಗೆರೆ ಉಳಿಯುತ್ತದೆ. ಈ ತುದಿಯಿಂದ ಆ ತುದಿಗೆ ಒಂದೇ ಎಳೆತ. ತಿರುಗಿಸಿ ಇನ್ನೊಂದು ಮಗ್ಗುಲಿನಿಂದ ವಾಪಸ್ ಒಂದು ಎಳೆತ. ಆ ಸ್ವಾಬ್ ಕಸಕ್ಕೆ. ಮತ್ತೆ ಅದನ್ನೇ ಹಚ್ಚಿದರೆ ಒರೆಸಿದ ಮಣ್ಣಿನಿಂದಲೇ ಗಾಜು ಗೀರಿದ ಹಾಗೆ. ಎರಿ ಮಣ್ಣು ಮೆತ್ತಗೆ, ಶಹಾಬಾದ್ ಕಲ್ಲಿನ ಪುಡಿ ಅಷ್ಟು ಒಳ್ಳೆಯದಲ್ಲ. ಆ ದ್ರವದ ಸ್ಪಿರಿಟ್ ವಾಸನೆ ಬಾಗಿಲ ಸಂದಿಯಿಂದ ಹೊರಗೆ ಹೋಯಿತು. ಮಾವ ಬಾಗಿಲ ಹತ್ತಿರ ಬಂದು ಮೂಗು ಏರಿಸಿ, ಏನೂ ಕೇಳದೆ, ಮಗನನ್ನು ಒಂದು ಸಲ ದುರುಗುಟ್ಟಿ ನೋಡಿ ಹೋದರು. ನಮ್ಮನೆಯವರು ಪೇಪರ್ ಓದುತ್ತಿದ್ದರು ಪಾಪ.

ಮತ್ತೆ ಮಾಳಿಗೆ, ಮತ್ತೆ ಮುಗಿಲು. ಈ ಸಲ ಕಾಕಾ ಸಂಡಿಗೆ ಮೇಲೆ ಸೀರೆ ಮುಚ್ಚಿ, ಅದರ ಪಕ್ಕದಲ್ಲೇ ಕೋಲು ಹಿಡಿದು ಕೂತಿದ್ದರು. ಫೋಟೊ ಸ್ವಚ್ಛ. ಕೆಳಗಿನ ಮೂಲೆಯಲ್ಲಿ ಒಂದು ಸಣ್ಣದು ಉಳಿದಿದೆ. ಆ ಜಾಗದಲ್ಲಿ ಯಾವಾಗಲೂ ನೆಲವೋ ಕಲ್ಲೋ ಬರುತ್ತದೆ, ಕಾಣುವುದಿಲ್ಲ. ಅದಕ್ಕಾಗಿ ಇನ್ನೊಂದು ಸ್ವಾಬ್ ಕೆಡಿಸುವುದು ದಂಡ. ಜಾತ್ರೆಯ ಫೋಟೊದಲ್ಲಿ ಕಂಪ್ಯೂಟರಿನಲ್ಲೇ ಧೂಳು ಅಳಿಸಿ ಉತ್ತತ್ತಿ ಬಿಟ್ಟೆ. ಒಂದೆರಡು ಯಾವುದು ಅಂತ ತಿಳಿಯಲಿಲ್ಲ. ದೇವರ ಫೋಟೊ, ಇರಲಿ ಬಿಡು ಅಂತ ಅವನ್ನೂ ಬಿಟ್ಟೆ.

ತೊಂದರೆ ಶುರುವಾದದ್ದು ಆಮೇಲೆ. ವೈನಿ ಧೂಳು ತೆಗೀತಾರೆ ಅಂತ ಓಣಿಗೆಲ್ಲ ಗೊತ್ತಾಯಿತು. ಒಬ್ಬರು ಗೋಡೆ ಗಡಿಯಾರ ತಂದರು. ಕಾಕಾ ತಮ್ಮ ರೇಡಿಯೊ ತಂದರು, ಸಂಡಿಗೆಯ ಬಾಕಿಗೆ ಅದನ್ನು ವಜಾ ಮಾಡಿಕೊಳ್ಳುವ ಲೆಕ್ಕದಲ್ಲಿ. ಮೊನ್ನೆ ಮದುವೆ ಫೋಟೊ ತೆಗೆಯುವ ಹುಡುಗನೊಬ್ಬ ಬಂದ. ಅವನ ಕ್ಯಾಮೆರಾದ ಲೆನ್ಸ್ ಬಿಚ್ಚಿ ಇಣುಕಿದೆ. ಅಂಚಿನಲ್ಲಿ ಅರಿಶಿನ ಹತ್ತಿದ ಅಕ್ಕಿಯ ನುಚ್ಚು, ಹಳದಿ ಪುಡಿ. ಎಷ್ಟು ಜನರ ಅಕ್ಷತೆಯೋ ಏನೋ.

"ಸಂಜೀಗಿ ಆರ್ಡರ್ ಅದ ವೈನಿ, ಲಗೂನ ಮಾಡಿಕೊಡ್ರಿ" ಅಂದ.

"ಬ್ಯಾಟರಿ ಎಷ್ಟದ?"

"ಒಂದು ಕಡ್ಡಿ ಅದರೀ."

ಚಾರ್ಜ್ ಮಾಡಿಕೊಂಡು ಬಾ ಅಂತ ವಾಪಸ್ ಕಳಿಸಿದೆ.