ಲಂಡನ್‌ನಲ್ಲಿ ಬೆಂಗಳೂರಿನ ರಾಹುಕಾಲ ಯಾಕೆ?

ಲಂಡನ್‌ನ ಎಷ್ಟೋ ಕನ್ನಡದ ಮನೆಗಳಲ್ಲಿ ಸೋಮವಾರ ಬೆಳಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ. ರಾಹುಕಾಲ! ಊರಿಂದ ತಂದ ಕ್ಯಾಲೆಂಡರ್‌ನಲ್ಲಿ ಹಾಗೆ ಅಚ್ಚಾಗಿದೆ. ನಂಬಿಕೆ ಬಗ್ಗೆ ನನ್ನ ತಕರಾರಿಲ್ಲ, ನಾನೂ ಪಂಚಾಂಗ ನೋಡುವವನೇ. ಆದರೆ ನೋಡುವುದಾದರೆ ನಾವಿರುವ ಊರಿನದ್ದನ್ನೇ ನೋಡಬೇಕು.

ರಾಹುಕಾಲ ಹುಟ್ಟುವುದು ಸೂರ್ಯನಿಂದ, ಗಡಿಯಾರದಿಂದ ಅಲ್ಲ. ಹಗಲನ್ನು ಎಂಟು ಸಮಪಾಲು ಮಾಡುತ್ತಾರೆ. ಸೋಮವಾರ ಎರಡನೆಯ ಪಾಲು, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕನೆಯದು, ಹೀಗೆ. ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗಿದರೆ ಒಂದು ಪಾಲಿಗೆ ಒಂದೂವರೆ ಗಂಟೆ. ಬೆಂಗಳೂರಿನಲ್ಲಿ ವರ್ಷವಿಡೀ ಹೆಚ್ಚುಕಮ್ಮಿ ಅಷ್ಟೇ ಹಗಲು, ಅದಕ್ಕೇ ಅಲ್ಲಿ ಆ ಲೆಕ್ಕ ನಡೆದುಹೋಗುತ್ತದೆ. ಲಂಡನ್‌ನಲ್ಲಿ ಜೂನ್ 21ರ ಹೊತ್ತಿಗೆ ಸೂರ್ಯ 4:43ಕ್ಕೆ ಹುಟ್ಟಿ ರಾತ್ರಿ 9:21ಕ್ಕೆ ಮುಳುಗುತ್ತಾನೆ. ಒಂದು ಪಾಲೇ ಎರಡು ಗಂಟೆ ದಾಟುತ್ತದೆ. ಸೋಮವಾರದ ರಾಹುಕಾಲ ಸುಮಾರು 6:48ರಿಂದ 8:53. ಡಿಸೆಂಬರ್‌ನಲ್ಲಿ ಅದೇ ರಾಹುಕಾಲ 9:03ರಿಂದ 10ರ ಆಸುಪಾಸು, ಒಂದು ಗಂಟೆಯೂ ಪೂರ್ತಿ ಇಲ್ಲ. ಆ ತಿಂಗಳು ಏಳೂವರೆಗೆ ಇಲ್ಲಿ ಸೂರ್ಯನೇ ಹುಟ್ಟಿರುವುದಿಲ್ಲ. ಇನ್ನು ಹಗಲಿನ ಎರಡನೆಯ ಪಾಲು ಎಲ್ಲಿಂದ ಬರಬೇಕು?

ತಿಥಿಯದ್ದೂ ಇದೇ ಕಥೆ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ. ಅದು ಮುಗಿಯುವ ಗಳಿಗೆ ಇಡೀ ಭೂಮಿಗೆ ಒಂದೇ, ಸೂರ್ಯೋದಯ ಮಾತ್ರ ಊರೂರಿಗೆ ಬೇರೆ. ಜೂನ್‌ನಲ್ಲಿ ಒಂದು ಬುಧವಾರ ಬೆಂಗಳೂರಿನಲ್ಲಿ ಬೆಳಗ್ಗೆ 8ಕ್ಕೆ ಏಕಾದಶಿ ಮುಗಿಯಿತು ಅಂದುಕೊಳ್ಳಿ. ಸೂರ್ಯೋದಯಕ್ಕೆ ಏಕಾದಶಿ ಇತ್ತು, ಹಾಗಾಗಿ ಅಲ್ಲಿ ಆ ದಿನ ಏಕಾದಶಿಯೇ. ಲಂಡನ್‌ನಲ್ಲಿ ಆಗ ನಸುಕಿನ 3:30. ಇಲ್ಲಿ ಸೂರ್ಯ ಹುಟ್ಟುವಷ್ಟರಲ್ಲಿ ದ್ವಾದಶಿ ಬಂದಾಗಿದೆ. ಅಮ್ಮ ಊರಿಂದ ಫೋನ್ ಮಾಡಿ "ಇವತ್ತು ಉಪವಾಸ" ಅಂದರೆ ಅದು ಅಮ್ಮನ ಊರಿಗೆ ಸರಿ, ಅಲ್ವಾ? ಎಲ್ಲ ಹಬ್ಬಕ್ಕೂ ಸೂರ್ಯೋದಯವೇ ಲೆಕ್ಕವೇನಲ್ಲ. ಗಣೇಶ ಚತುರ್ಥಿಗೆ ಮಧ್ಯಾಹ್ನ, ಶಿವರಾತ್ರಿಗೆ ನಡುರಾತ್ರಿ ನೋಡುತ್ತಾರೆ. ಆದರೆ ಅದೂ ನಾವಿರುವ ಊರಿನ ಮಧ್ಯಾಹ್ನ, ನಾವಿರುವ ಊರಿನ ನಡುರಾತ್ರಿ.

ಅಕ್ಕಪಕ್ಕದವರ ಲೆಕ್ಕ ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಉತ್ತರ ಪ್ರದೇಶದವರಿಗೆ ತಿಂಗಳು ಮುಗಿಯುವುದು ಹುಣ್ಣಿಮೆಗೆ, ನಮಗೆ ಅಮಾವಾಸ್ಯೆಗೆ. ನಮ್ಮ ಆಷಾಢ ಇನ್ನೂ ಇರುವಾಗಲೇ ಅವರ ಶ್ರಾವಣ ಸೋಮವಾರಗಳು ಶುರು. ಕೃಷ್ಣ ಜನ್ಮಾಷ್ಟಮಿ ನಮಗೆ ಶ್ರಾವಣದಲ್ಲಿ, ಅವರಿಗೆ ಭಾದ್ರಪದದಲ್ಲಿ, ಆದರೆ ಅಷ್ಟಮಿ ಅದೇ! ನಮ್ಮ ಬಲಿಪಾಡ್ಯಮಿ ಗುಜರಾತಿಗಳಿಗೆ ಹೊಸ ವರ್ಷ. ತಮಿಳರದು ಸೂರ್ಯನ ಲೆಕ್ಕ, ಏಪ್ರಿಲ್ ಮಧ್ಯದಲ್ಲಿ ವರ್ಷ ತೊಡಗುತ್ತದೆ, ನಮ್ಮ ತುಳುನಾಡಿನ ಬಿಸುವಿನ ಹಾಗೆಯೇ. ಯಾರದೂ ತಪ್ಪಲ್ಲ. ಎಲ್ಲರೂ ನೋಡುವುದು ಅದೇ ಸೂರ್ಯ, ಅದೇ ಚಂದ್ರನನ್ನು.

ಹೊರನಾಡಿನ ಕನ್ನಡ ಸಂಘಗಳಲ್ಲಿ ನನ್ನದೊಂದು ಕೋರಿಕೆ. ಯುಗಾದಿಗೆ ಹಂಚುವ ಕ್ಯಾಲೆಂಡರ್ ಊರಿನದ್ದೇ ನಕಲು ಆಗುವುದು ಬೇಡ. ತಿಥಿ, ರಾಹುಕಾಲಗಳನ್ನು ಆಯಾ ನಗರದ ಸೂರ್ಯೋದಯಕ್ಕೆ ಲೆಕ್ಕ ಹಾಕಿಸಿ. ಲಂಡನ್‌ನದ್ದನ್ನು ಗ್ಲಾಸ್ಗೋಗೂ ಸುಮ್ನೆ ಕೊಡಬೇಡಿ, ಅಲ್ಲಿ ಜೂನ್ ಹಗಲು ಇನ್ನೂ ಉದ್ದ.